ತುರಂಗ

ಪಾರೆಯ ನೆತ್ತಿಯಲ್ಲಿ ನಾಲ್ಕು ಗೂಟ,
ಗೂಟಕ್ಕೆ ಕೆಂಪು ರಿಬ್ಬನು.
ಮೊದಲು ಕಂಡದ್ದು ಆಡು ಮೇಯಿಸಲು ಹೋದ ಬೀಪಾತುಮ್ಮ:
"ಯಾರದೋ ಮದುವೆಯ ಚಪ್ಪರ ಅಂತ ಮಾಡಿದೆ, ಮಾರಾಯ್ತಿ."
ಸಂಜೆಯೊಳಗೆ ಹದಿನೇಳು ಮನೆಗೂ ಗೊತ್ತಾಯಿತು:
ಟವರಿಗೆ ಐದು ಸೆಂಟ್ಸು ಜಾಗ, ತಿಂಗಳಿಗೆ ಹನ್ನೊಂದು ಸಾವಿರ,
ಕುಂಞಂಬು ಮಣಿಯಾಣಿ ರುಜು ಹಾಕಿ ಆಗಿದೆ.

ಅಂಗನವಾಡಿಯ ಜಗಲಿಯಲ್ಲಿ ಸಭೆ.
ಒಬ್ಬರು ಮಿದುಳು ಅಂದರು, ಒಬ್ಬರು ಜೇನ್ನೊಣ ಅಂದರು.
ಗ್ರೇಸಿ ಕ್ರಾಸ್ತಾ ಮೂರು ತಿಂಗಳ ಬಸುರಿ, ಏನೂ ಅನ್ನಲಿಲ್ಲ.
ಹಿಂದೆ ಗೇರುತೋಟಕ್ಕೆ ಮೇಲಿನಿಂದ ಮದ್ದು ಸುರಿದ ವರ್ಷಗಳಲ್ಲೂ
"ಏನೂ ಆಗ್ಲಿಕ್ಕಿಲ್ಲ" ಎಂದೇ ಹೇಳಿದ್ದರಲ್ಲ,
ಇಸ್ತ್ರಿ ಶರ್ಟಿನವರು.
ಆ ಮಾತು ಬಂದ ಮೇಲೆ ಸ್ವಲ್ಪ ಹೊತ್ತು
ಯಾರೂ ಚಹಾ ಮುಟ್ಟಲಿಲ್ಲ.

ಕೊನೆಗೆ ಐತ್ತ ನಾಯ್ಕರು ಕೆಮ್ಮಿದರು.
"ಗಾಳಿಯಲ್ಲಿ ಹೋಗುವುದು ನನಗೆ ತಿಳಿಯುವುದಿಲ್ಲ.
ನಾನು ಅಡಿಯವನು.
ಆ ಗೂಟದ ಕೆಳಗೆ ನನ್ನ ಸುರಂಗ ಉಂಟು."

ಮೂರು ಬೇಸಗೆ, ಒಂದು ಪಿಕ್ಕಾಸು, ಒಂದು ಮೊಂಬತ್ತಿ;
ಮೊಂಬತ್ತಿ ಮಂಕಾದಲ್ಲಿ ಉಸಿರೂ ಮುಗಿಯಿತೆಂದು ಲೆಕ್ಕ.
ನೂರ ಎಂಬತ್ತು ಕೋಲು ಕೊರೆದ ಮೇಲೆ
ಮಣ್ಣು ತಣ್ಣಗೆ ನಾಲಿಗೆ ಚಾಚಿತಂತೆ.
ಅಂದಿನಿಂದ ಮೇ ತಿಂಗಳಲ್ಲೂ
ಹದಿನೇಳು ಮನೆಯ ಕೊಡಗಳಿಗೆ ಅದೇ ನೂಲಿನಷ್ಟು ನೀರು,
ಮಣಿಯಾಣಿಯ ಮನೆಯದೂ ಸೇರಿ.

ಅರ್ಜಿ ಬರೆದವಳು ನಾನು. ಕನ್ನಡದಲ್ಲಿ.
ಕಾಸರಗೋಡಿನ ಕಚೇರಿ ಅದನ್ನು ಹಿಂದಕ್ಕೆ ಕೊಟ್ಟು
ಮಲಯಾಳದಲ್ಲಿ ತನ್ನಿ ಎಂದಿತು, ನಗುತ್ತಲೇ.
ಬಸ್‌ಸ್ಟ್ಯಾಂಡಿನ ಡಿಟಿಪಿ ಹುಡುಗ ಟೈಪು ಮಾಡಿ ಕೊಟ್ಟ.
ನಮ್ಮ ಸುರಂಗ ಅವನಲ್ಲಿ ತುರಂಗವಾಗಿತ್ತು.
ಅವರಿಗೆ ಅದೇ ಸರಿ.
ನಾನು ಮಾತ್ರ ಬಸ್ಸಿನಲ್ಲಿ ಓದಿಕೊಳ್ಳುತ್ತ ಬಂದೆ:
ಮಾನ್ಯರೇ, ಈ ಗುಡ್ಡದ ಹೊಟ್ಟೆಯಲ್ಲಿ ಒಂದು ಕುದುರೆ ಇದೆ.
ಟವರಿನ ಕಾಲು ಊರಿದರೆ ಅದು ಸಾಯುತ್ತದೆ.
ನಮಗೆ ಕುಡಿಯಲು ಬೇರೆ ಕುದುರೆ ಇಲ್ಲ.

ತಪಾಸಣೆಗೆ ಬಂದರು. "ನಕ್ಷೆ ಎಲ್ಲಿ?"
ನಾಯ್ಕರು ಚಪ್ಪಲಿ ಬಿಟ್ಟರು.
ಹೆಜ್ಜೆ ಎಣಿಸುತ್ತ ಪಾರೆಯ ಮೇಲೆ ನಡೆದರು.
ಎಪ್ಪತ್ತೊಂದರಲ್ಲಿ ಎಡಕ್ಕೆ ವಾಲಿದರು:
"ಇಲ್ಲಿ ಕರಿಕಲ್ಲು, ತಪ್ಪಿಸಿಕೊಂಡೆ."
ನೂರ ಹತ್ತರಿಂದ ಬಗ್ಗಿಯೇ ನಡೆದರು,
ತಲೆಯ ಮೇಲೆ ಬರೀ ಆಕಾಶ ಇದ್ದರೂ.
ಗೂಟಗಳ ನಡುವೆ ಮೊಣಕಾಲೂರಿ
ಕಲ್ಲಿಗೆ ಕಿವಿ ಕೊಟ್ಟರು.
"ಬನ್ನಿ ಸಾರೇ."
ಕಂಪೆನಿಯ ಇಂಜಿನಿಯರು, ತ್ರಿಶ್ಶೂರಿನ ಕಡೆಯ ಹುಡುಗ,
ತನ್ನ ಶರ್ಟಿನ ಇಸ್ತ್ರಿಯನ್ನು ಒಮ್ಮೆ ನೋಡಿಕೊಂಡು ಮಲಗಿದ,
ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು.
ಎದ್ದು ಏನು ಬರೆದನೋ, ಯಾರಿಗೂ ತೋರಿಸಲಿಲ್ಲ.
ಕಿವಿಯಲ್ಲಿ ಮುರಕಲ್ಲಿನ ಕೆಂಪು ಇತ್ತು,
ಒರೆಸಿಕೊಳ್ಳಲೂ ಇಲ್ಲ.

ಮಣಿಯಾಣಿ ದೂರದಲ್ಲಿ ಗೇರುಮರಕ್ಕೆ ಒರಗಿ ನಿಂತಿದ್ದ.
ರೇಷನ್ ಅಂಗಡಿ ಕೈಬಿಟ್ಟ ಮೇಲೆ ಅವನಿಗೆ
ಹನ್ನೊಂದು ಸಾವಿರ ಅಂದರೆ ಎಷ್ಟೆಂದು ನಮಗೇನು ಗೊತ್ತಿಲ್ಲವೇ.
ಆ ದಿನ ಅವನ ಮನೆಯ ಕೊಡ ಸಾಲಿನಲ್ಲಿ ಇರಲಿಲ್ಲ.
ಮರುದಿನವೂ ಇರಲಿಲ್ಲ.
ಮೂರನೆಯ ದಿನ ನಾಯ್ಕರ ಹೆಂಡತಿ ತಾನೇ ಹೊತ್ತು
ಅವನ ತಡಮೆಯ ಬಳಿ ಇಟ್ಟು ಬಂದರು,
ಕರೆಯದೆ.

ಈಗ ತಡೆ ಸಿಕ್ಕಿದೆ ಎನ್ನುತ್ತಾರೆ ಕೆಲವರು, ಇಲ್ಲವೆನ್ನುತ್ತಾರೆ ಕೆಲವರು.
ಗೂಟಗಳಂತೂ ಹಾಗೇ ಇವೆ.
ನನ್ನದೊಂದು ನಾಚಿಕೆಯ ಮಾತುಂಟು:
ರಾತ್ರಿ ಅಕ್ಕನಿಗೆ ಫೋನು ಮಾಡಬೇಕಾದರೆ
ಈ ಊರಲ್ಲಿ ರೇಂಜು ಸಿಗುವುದು ಅಲ್ಲೇ,
ಆ ನಾಲ್ಕು ಗೂಟಗಳ ಒಳಗೆ,
ಕೈ ಎತ್ತಿ ಹಿಡಿದರೆ ಎರಡು ಗೆರೆ.
"ಹಲೋ, ಕೇಳಿಸ್ತದಾ?" ಎನ್ನುತ್ತೇನೆ.
ಅಕ್ಕ ಮುರಿದು ಮುರಿದು ಬರುತ್ತಾಳೆ.
ಅಂಗಾಲಿನ ಅಡಿಯಲ್ಲಿ, ಕತ್ತಲೆಯಲ್ಲಿ,
ಕುದುರೆ
ಕಾಲು ಬದಲಿಸಿ ನಿಲ್ಲುತ್ತದೆ.