ಇಬ್ಬನಿ ಹಗ್ಗ

ಶ್ರಾವಣದ ಎರಡನೇ ವಾರ.
ಸಹಕಾರನಗರದ ನಮ್ಮ ಜೋಡಿಮನೆಯ ಮುಂದಿನ ಹುಲ್ಲಿಗೆ
ಇಸ್ತ್ರಿಪೆಟ್ಟಿಗೆ ಇಟ್ಟು ಮರೆತಂಥ ಕಂದು ಕಲೆ.
ಹೊಲಿಗೆಯವಳು ನಾನು, ಮೊದಲು ಹೊಳೆದದ್ದು ಅದೇ:
ಯಾರೋ ಸುಟ್ಟಿದ್ದಾರೆ.

ಯಾರೋ ಅಂದರೆ, ಬೋಕೀಲಬಾಯಿ.
ಸ್ಕೂಟರು ನಿಲ್ಲಿಸುವ ಜಾಗಕ್ಕೆ ಜಗಳವಾಗಿ
ಎಂಟು ತಿಂಗಳಿಂದ ಮಾತಿಲ್ಲ.
ಎರಡು ಮನೆಗೂ ಒಂದೇ ಹುಲ್ಲು, ನಡುವೆ ಗೋಡೆಯಿಲ್ಲ.
ಒಂದು ಸಾಲು ಹೂಕುಂಡ. ಅದೂ ಜಗಳದ ಮರುದಿನ ಬಂದದ್ದು.

ಬಟ್ಟಲಗಲ ಇದ್ದದ್ದು ತಟ್ಟೆಯಗಲ, ಆಮೇಲೆ ಪರಾತದಗಲ.
ಅಂಚಿಗೆ ಹೊಗೆಬಣ್ಣದ ಪಟ್ಟಿ, ಸೀರೆಗೆ ಫಾಲ್ ಹಚ್ಚಿದ ಹಾಗೆ.
ಬೆಳಿಗ್ಗೆ ಆರಕ್ಕೆ ಬಗ್ಗಿ ನೋಡಿದರೆ
ಹುಲ್ಲಿಂದ ಹುಲ್ಲಿಗೆ ಬಿಳಿ ನೂಲು, ನನ್ನ ಸೂಜಿಗೂ ಏರದಷ್ಟು ಸಣ್ಣದು.
ಏಳೂವರೆಗೆ ಅದು ಇರಲಿಲ್ಲ.

ಸಾಯಬಣ್ಣ ಬಂದ. ಅಫಜಲಪುರದ ಕಡೆಯವ,
ಇಪ್ಪತ್ತೆರಡು ಮನೆಯ ಹುಲ್ಲು ಅವನ ಕೈಯಲ್ಲಿ.
ಮೊಣಕಾಲೂರಿ ಒಂದು ಎಲೆ ಕಿತ್ತು ಉಗುರ ಮೇಲಿಟ್ಟ.
"ಬೆಂಕಿ ಅಲ್ರೀ ಅಕ್ಕಾ, ಬೂಜು.
ನಡುವ ಬಿಳಿಚ್ಯದ, ಸುತ್ತ ಕಂದು ಗೆರಿ, ನೋಡ್ರಿ.
ನೀರು ಯಾವಾಗ ಬಿಡ್ತೀರಿ?"

ರಾತ್ರಿ. ಹತ್ತರ ಮೇಲೆ.
ಮಳೆ ಬಿಡುವು ಕೊಟ್ಟ ದಿನ, ಮಶೀನು ಮುಚ್ಚಿ,
ಕೊನೆಯ ಬ್ಲೌಸಿಗೆ ಹುಕ್ಕು ಹಾಕಿ, ಪೈಪು ಹಿಡಿದು ನಿಲ್ಲುವುದು.
ದಿನವೆಲ್ಲ ಕೂತ ಸೊಂಟಕ್ಕೆ ಅದೊಂದೇ ಸುಖ.

"ಯೂರಿಯಾ?"
ಎರಡು ಹಿಡಿ. ಮೂರಿರಬಹುದು.
ಅವರ ಕಡೆಯದು ನಮ್ಮದಕ್ಕಿಂತ ಹಸಿರಾಗಿ ಕಂಡಿತ್ತಲ್ಲ.

ಅವನು ನಗಲಿಲ್ಲ.
"ರಾತ್ರಿಪೂರಾ ಒದ್ದಿ ಅರಿವಿ ಉಟ್ಕೊಂಡು ಮಲಗ್ರಿ,
ಹೊಟ್ಟಿ ಬಿರಿಯೂವಂಗ ಉಂಡು.
ನಿಮಗ ಏನಾಗ್ತದ?"

ಆಮೇಲೆ ಕುಂಟೆಹಲ್ಲಿಂದ ಬುಡ ಎಳೆದ.
ಕೆಳಗೆ ಸತ್ತ ಹುಲ್ಲು, ಕಾಲರಿನೊಳಗಿನ ಕ್ಯಾನ್ವಾಸಿನಂತೆ ಗಟ್ಟಿ.
ಮುಳ್ಳುಗೋಲು ಚುಚ್ಚಿ ಚುಚ್ಚಿ ನೆಲಕ್ಕೆ ಉಸಿರು ಬಿಟ್ಟ.
ಬೇವಿನ ಹಿಂಡಿ, ಗೊಬ್ಬರಕ್ಕೆ ಬೆರೆಸಿದ ಹಸಿರು ಪುಡಿ:
"ಇದೂ ಬೂಜೇ. ಆ ಬೂಜು ತಿನ್ನೂ ಬೂಜು."
ತೀರಾ ಕೆಟ್ಟಿದ್ದ ಒಂದು ಮೂಲೆಗಷ್ಟೇ ಔಷಧ ಹೊಡೆದ,
ಮೂಗಿಗೆ ಟವೆಲು ಕಟ್ಟಿ.

ಮೊಂಡು ಬ್ಲೇಡು ಕತ್ತರಿಸುವುದಿಲ್ಲ, ಹರಿಯುತ್ತದೆ ಎಂದ.
ಅದನ್ನು ನನಗೆ ಹೇಳಬೇಕೆ?
ಮಸೆದ. ತೊಳೆದ. ಮತ್ತೆ ತೊಳೆದ.
ತಲೆ ಎತ್ತದೆ ಅಂದ:
"ಬ್ಯಾನಿ ನನ್ನ ಮಶೀನಿಂದಾನೂ ಬಂದಿರಬೌದು, ಅಕ್ಕಾ.
ಯಾರ ಮನೀದೋ."

ಹೋಗುವಾಗ ಉದ್ದ ಹಗ್ಗವೊಂದು ಕೊಟ್ಟ.
ನಸುಕಿನಲ್ಲಿ ಹುಲ್ಲಿನ ಮೇಲೆಳೆದು ಇಬ್ಬನಿ ಉದುರಿಸಬೇಕು,
ಎಲೆ ಬೇಗ ಆರಬೇಕು.
"ಒಂದು ತುದಿ ನೀವು ಹಿಡೀರಿ."
ಇನ್ನೊಂದು?
ಸೈಕಲ್ಲು ಹತ್ತಿಯಾಗಿತ್ತು ಅವನು.

ಮೊದಲ ದಿನ ಹಗ್ಗವನ್ನು ನಲ್ಲಿಗೆ ಕಟ್ಟಿದೆ.
ಅರ್ಧ ವೃತ್ತ ಎಳೆದೆ, ಅರ್ಧ ಒದ್ದೆಯೇ ಉಳಿಯಿತು.
ಎರಡನೇ ದಿನ ಹಾಲಿನ ಚೀಲ ಹಿಡಿದು ಬಂದ ಬೋಕೀಲಬಾಯಿ
ತನ್ನ ಕಡೆಯ ಕಲೆ ನೋಡಿದಳು, ನನ್ನ ಹಗ್ಗ ನೋಡಿದಳು,
ಚೀಲವನ್ನು ಮೆಟ್ಟಿಲಲ್ಲಿಟ್ಟಳು.
ಒಂದೊಂದಾಗಿ ಕುಂಡ ಎತ್ತಿ ಗೋಡೆಗೆ ಸರಿಸಿದಳು.
ಹನ್ನೊಂದು ಕುಂಡ. ನಾನು ಎಣಿಸಿದೆ, ಕೈ ಹಚ್ಚಲಿಲ್ಲ.
ನಂತರ ತುದಿ ಹಿಡಿದಳು.

ಪ್ರತಿ ಬೆಳಿಗ್ಗೆ ಐದೂಮುಕ್ಕಾಲಿಗೆ
ಗೇಟಿನಿಂದ ಮೆಟ್ಟಿಲವರೆಗೆ ಹೀಗೇ.
ನಾನು ಬೇಗ ನಡೆದರೆ ಹಗ್ಗ ಸೊಟ್ಟ,
ಅವಳು ನಿಂತರೆ ನಾನೂ ನಿಲ್ಲಬೇಕು.
ಹನಿ ಹಾರಿ ಇಬ್ಬರ ನೆರಿಗೆಯೂ ಒದ್ದೆ.
ಸ್ಕೂಟರು ಮಾತ್ರ ಅಲ್ಲೇ ನಿಂತಿದೆ.

ಚೌತಿಯ ಹಿಂದಿನ ಸಂಜೆ
ಬೋಕೀಲಬಾಯಿ ಗರಿಕೆ ಆಯಲು ಕೂತಳು,
ಮೂರೆಸಳಿನದು, ಇಪ್ಪತ್ತೊಂದು.
ಬೆರಳು ಆ ಮೂಲೆಗೆ ಹೋದಾಗ
ಮಶೀನಿನ ಪೆಡಲು ತಾನೇ ನಿಂತಿತು.
ಕಿಟಕಿಯಿಂದಲೇ ಕೂಗಿದೆ, ನನ್ನ ಹರಕು ಮರಾಠಿಯಲ್ಲಿ:
ಅಲ್ಲಿಯದು ಬೇಡ, ಔಷಧ ಹೊಡೆದಿದೆ.

ಅವಳು ತಿರುಗಲಿಲ್ಲ. "ಹೋ," ಅಂದಳು,
ಸೆರಗು ಸಾವರಿಸಿ
ನಮ್ಮ ಕಡೆಗೆ ಸರಿದು ಕೂತಳು.