ಬಾಕಿ ಹನ್ನೊಂದು

ಭೋಸರಿಯಲ್ಲಿ ನಮ್ಮದು ಗೇರು ಕಾರ್ಖಾನೆ.
ಗೋಡಂಬಿಯಲ್ಲ, ಟ್ರಕ್ಕಿನ ಗೇರು;
ಊರ ಕಡೆಯವರಿಗೆ ಪ್ರತಿಸಲ ಬಿಡಿಸಿ ಹೇಳಬೇಕು.
ನಾನು ಅಲ್ಲಿ ರಜೆ ಬರೆಯುವವಳು.
ಇನ್ನೂರ ಹದಿನೇಳು ಮಂದಿಯ ಜ್ವರ, ಮದುವೆ, ಮಣ್ಣು
ಎಲ್ಲ ನನ್ನ ಮೇಜಿಗೆ ಬಂದು
ಎರಡೆರಡು ಅಕ್ಷರವಾಗಿ ಮಲಗುತ್ತವೆ.

ಈರಸಂಗಪ್ಪ ಒಂಬತ್ತು ದಿನ ಕೇಳಿದ್ದ.
ಕಾರಣದ ಸಾಲಿನಲ್ಲಿ ಮರಾಠಿ: ಮುಲಗಿ ಝಾಲಿ.
ಅದರ ಕೆಳಗೆ, ನನಗಂತಲೇ, ಚಿಕ್ಕದಾಗಿ ಕನ್ನಡ:
ಮಗಳು ಹುಟ್ಯಾಳ್ರೀ ಬಾಯಾರ.
ಖಾತೆಯಲ್ಲಿ ಹನ್ನೊಂದಿತ್ತು. ಒಂಬತ್ತು ಹೋದರೆ ಎರಡು.
ದೀಪಾವಳಿಗಾಯ್ತು, ಹೋಗಿ ಬಾ ಅಂದೆ.

ಧೂಳಖೇಡದ ಸೇತುವೆ ದಾಟಿದ ಮೇಲೆ
ಪೊಲೀಸರು ಬೈಕಿನ ಕೀಲಿ ಕಿತ್ತುಕೊಂಡರಂತೆ.
ಪಾಸು ತೋರಿಸಿದ.
ಪಾಸು ಹೊಳಿ ದಾಟ್ಲಿಕ್ಕಪ್ಪ,
ಮನಿ ಸೇರ್ಲಿಕ್ಕಲ್ಲ, ಅಂದರಂತೆ.
ಏಳು ದಿನ ಸರಕಾರಿ ಶಾಲೆ.
ಬೆಂಚು ಜೋಡಿಸಿ ಮಲಗಿದ, ಕಾಲು ಹೊರಗೆ.
ಗೋಡೆ ಮೇಲೆ ಹನ್ನೆರಡರ ಮಗ್ಗಿ.
'ಮರ್ತಿದ್ದೆ ನೋಡ್ರಿ, ಪೂರಾ ಬಾಯಿಪಾಠ ಆತು.'
ಹೆಂಡತಿ ಫೋನಿನಲ್ಲಿ ಕೂಸನ್ನು ತೋರಿಸಿದರೆ
ನೆಟ್‌ವರ್ಕು ಹೋಗಿ
ಬಾಯಿ ತೆರೆದ ಮುಖವೊಂದು ಹಾಗೇ ನಿಂತುಬಿಡುತ್ತಿತ್ತು,
ಅತ್ತಿತೋ ಆಕಳಿಸಿತೋ ಗೊತ್ತಾಗದೆ.

ಎಂಟನೆಯ ದಿನ ಝಳಕಿ, ಬೀಗರ ಮನೆ.
ಓಣಿಯವರು ಕದ ಹಾಕಿಕೊಂಡರು.
ಅಂಗಳದ ಈಚೆ ಅವನು,
ಹೊಸ್ತಿಲ ಮೇಲೆ ಅವಳು, ನಡುವೆ
ಒಣಗಲು ಹರವಿದ ಶೇವಿಗೆ.
ಇಪ್ಪತ್ತು ನಿಮಿಷ. ಕೂಸು ನಿದ್ದೆಯಲ್ಲಿತ್ತು.
ದುಪಟಿಯಿಂದ ಹೊರಬಿದ್ದ
ಒಂದು ಅಂಗಾಲು ಕಂಡಿತಂತೆ.
'ಯಾವ ಕಾಲ್ರೀ ಅಂತ ಕೇಳಬ್ಯಾಡ್ರಿ.'

ಒಂಬತ್ತನೆಯ ದಿನ ವಾಪಸು ಹೊರಟ. ರಜೆ ಮುಗಿದಿತ್ತಲ್ಲ!
ಹಡಪಸರದ ನಾಕಾದಲ್ಲಿ ಎಡಗೈ ಹಿಡಿದು
ಮತದಾನದ ಶಾಯಿಯ ಠಸ್ಸೆ ಒತ್ತಿದರು.
ಹದಿನಾಲ್ಕು ದಿನ ಖೋಲಿ ಬಿಡುವಂತಿಲ್ಲ.
ಮಾಲಕಿ ಮೆಟ್ಟಿಲ ಮೇಲೆ ಭಾಕರಿ ಇಟ್ಟು
ಓಡಿಹೋಗುತ್ತಿದ್ದಳಂತೆ, ನಾಯಿಗಿಟ್ಟ ಹಾಗೆ,
ಆದರೆ ಎಣ್ಣೆ ಚಟ್ನಿ ಮರೆಯದೆ.

ಪೆಂಡ್ಸೆ ಮೇಡಂ ಹೇಳಿದರು:
ಹೋದದ್ದು ಅವನ ಖುಷಿ, ಕೂತದ್ದು ಸರಕಾರದ ಹುಕುಂ,
ಕಂಪನಿ ನಡುವೆ ಎಲ್ಲಿ ಬಂತು?
ಕೆಟ್ಟವರಲ್ಲ. ಗಂಡ ಮಸ್ಕತ್‌ನಲ್ಲಿ ಸಿಕ್ಕಿಬಿದ್ದು ನಾಲ್ಕು ತಿಂಗಳು,
ಮಧ್ಯಾಹ್ನದ ಡಬ್ಬಿಯನ್ನು ಅರ್ಧ ಉಂಡು ಮುಚ್ಚುತ್ತಾರೆ.

ಒಂಬತ್ತೂ ಹದಿನಾಲ್ಕೂ ಇಪ್ಪತ್ತಮೂರು.
ಇದ್ದದ್ದು ಹನ್ನೊಂದು.
ಕಂಪ್ಯೂಟರಿನ ಪಟ್ಟಿ ಬಿಚ್ಚಿ ಹುಡುಕಿದೆ:
ಕಾಯಿಲೆ ಇದೆ, ಬಾಣಂತನ ಇದೆ, ಪ್ರವಾಸ ಇದೆ,
ಕಾಯಿಲೆಯೇ ಇಲ್ಲದೆ
ಕಾಯಿಲೆಯವನಾಗಿ ಕೂರುವುದಕ್ಕೆ
ಕಾಲಂ ಇಲ್ಲ.

ನನ್ನ ಖಾತೆಯಲ್ಲಿ ನಲವತ್ತೊಂದು ಕೊಳೆಯುತ್ತಿವೆ.
ಎಲ್ಲಿಗಂತ ಹೋಗಲಿ,
ಮಾರ್ಚಿಗೆ ತಾವಾಗಿಯೇ ಸಾಯುತ್ತವೆ.
ಯಾರೂ ನೋಡದಾಗ ಹನ್ನೆರಡನ್ನು ಅವನ ಕಡೆ ನೂಕಿದೆ.
ಕೆಂಪಕ್ಷರ ಬಂತು:
ಒಬ್ಬರ ರಜೆ ಇನ್ನೊಬ್ಬರಿಗೆ ಸಲ್ಲದು.
ಉಪಾಸ, ವ್ರತ, ಪುಣ್ಯವೆಲ್ಲ
ಮಂದಿಗೆ ಧಾರೆ ಎರೆಯಬಹುದಂತೆ, ಇದೊಂದು ಬಿಟ್ಟು.

ಬರೆದೆ: ಸಂಬಳವಿಲ್ಲದ ದಿನ, ಹನ್ನೆರಡು.
ಹನ್ನೆರಡೊಂದ್ಲ ಹನ್ನೆರಡು, ಅಂದ ಅವನು,
ನಗೆಯೋ ಏನೋ, ಮಾಸ್ಕಿನ ಒಳಗೆ.
ಕೈಯ ಶಾಯಿ ಅರ್ಧ ಮಾಸಿ
ತಾರೀಖು ಹೋಗಿತ್ತು, ದುಂಡು ಉಳಿದಿತ್ತು.

ಜಗಳಕ್ಕೆ ಬಂದಿರಬೇಕು ಅಂದುಕೊಂಡೆ.
'ಆ ಹಾಳಿ ಒಂದು ತೆಗೆದು ಕೊಡ್ರಿ' ಅಂದ.
ಎಲ್ಲಿ ಕೊಡ್ತೀಯೋ, ಯೂನಿಯನ್ನಿಗಾ?
'ಇಲ್ರೀ. ನಾಳೆ ಆಕಿ ದೊಡ್ಡಾಕಿ ಆಗಿ
ನಾ ಹುಟ್ಟಿದಾಗ ಎಲ್ಲಿದ್ದಿ ಅಂದ್ರ
ತೋರಸ್ಲಿಕ್ಕೆ ಬೇಕಲ್ಲ.'

ಪ್ರಿಂಟರಿನಲ್ಲಿ ಕಾಗದ ಮುಗಿದಿತ್ತು.
ಗೋದಾಮಿಗೆ ಹುಡುಗನನ್ನು ಕಳಿಸಿದೆ.
ಅಲ್ಲಿಯ ತನಕ ಅವನು
ಆರಡಿ ದೂರದ ಹಳದಿ ಗೆರೆಯ ಆಚೆ ನಿಂತ,
ನಿಲ್ಲುವುದು ಕಲಿತವನ ಹಾಗೆ.