ಎರಡು ಪಟ್ಟಿ ಕಡಿಮೆ

ಮೂವತ್ತೊಂದು ವರ್ಷದಿಂದ ಚಿಂತಾಮಣಿಯ ಚೇಳೂರು ರಸ್ತೆಯಲ್ಲಿ
ಈ ತಗಡಿನ ಕೆಳಗೆ ನಾನು ಕೇಳಿದ್ದು ಒಂದೇ ಮಾತು:
‘ವಲಿ ಸಾಬ್, ಇನ್ನೊಂದು ಪಟ್ಟಿ ಹಾಕು.’
ಟೊಮೆಟೊ ಕ್ರೇಟಿಗೊಂದು, ಸೈಜುಗಲ್ಲಿಗೊಂದು,
ಶಾಮಿಯಾನದ ಕಂಬಗಳಿಗೊಂದು.
ಗಾಡಿಗಳು ಬೆನ್ನು ಎತ್ತಿಕೊಂಡು ಹೋದವು
ಜಗಳಕ್ಕೆ ನಿಂತ ಬೆಕ್ಕಿನ ಹಾಗೆ.

ನಾರೆಪ್ಪನ ಮಗ ಲೋಹಿತ ಬಂದು
‘ತೆಗಿ ಚಾಚಾ’ ಅಂದಾಗ
ಸುತ್ತಿಗೆ ಸದ್ದು ಕಿವಿಯಲ್ಲೇ ಉಳಿದಿದೆ ಅಂದುಕೊಂಡೆ.
ತೆಗಿಯೋದಾ?
‘ಹಿಂದೆ ಎರಡು, ಮುಂದೆ ಒಂದು. ನಾಲ್ಕು ಬೆರಳು ಇಳೀಬೇಕು.’
ಯಾಕಪ್ಪಾ, ಅಂದೆ.
ಹತ್ತು ವರ್ಷ ಹಳೆಯ ಪಿಕಪ್ಪಿನ ಬಾನೆಟ್ಟು ಒರೆಸುತ್ತಾ
‘ಚೆನ್ನಾಗಿ ಕಾಣ್ಸುತ್ತೆ’ ಅಂದ.
ಇನ್ನೊಂದು ಕಾರಣಕ್ಕೆ ಕಾದೆ.
ಬರಲಿಲ್ಲ.

ಯು ಬೋಲ್ಟಿನ ನಟ್ಟು ತುಕ್ಕಿನಲ್ಲೇ ಹುಟ್ಟಿದಂತೆ ಕೂತಿತ್ತು.
ಅದಕ್ಕೆ ಡೀಸೆಲ್ ಕುಡಿಸಿ, ನಾವು ಟೀ ಕುಡಿದು ಬಂದೆವು.
ಪಾನಕ್ಕೆ ಪೈಪು ಸಿಕ್ಕಿಸಿ ಜೋತುಬಿದ್ದೆವು,
ನಾನು, ಅವನು, ಪಂಚರ್ ಅಂಗಡಿಯ ಸಾದಿಕ್.
ಸೆಂಟರ್ ಬೋಲ್ಟ್ ಬಿಚ್ಚಿದ್ದೇ ತಡ
ಏಳು ಪಟ್ಟಿ ಉಸಿರುಬಿಟ್ಟು ಬೇರೆಯಾದವು.
ನಡುವೆ ಕೆಂಪು ಧೂಳು, ಗ್ರೀಸಿನ ಹೆಪ್ಪು,
ಒಂದು ಟೊಮೆಟೊ ಬೀಜ.

ಎರಡು ತುದಿಗೂ ಕಣ್ಣಿರುವ ತಾಯಿಪಟ್ಟಿಯನ್ನು
ಅಡಿಗಲ್ಲಿನ ಮೇಲಿಟ್ಟು ತಣ್ಣಗೇ ತಟ್ಟಿದೆ;
ಕಾಯಿಸಿದರೆ ಹದ ಹೋಗುತ್ತೆ.
ಬಾಗು ಏರಿಸುವಾಗ ಎಷ್ಟು ಏಟು ಅಂತ ಕೈಗೇ ಗೊತ್ತು.
ಇಳಿಸುವಾಗ ಒಂದೊಂದು ಏಟಿಗೂ ಕಬ್ಬಿಣವನ್ನು ಕೇಳಿದೆ:
ಸಾಕಾ?

ಜಾಕಿ ಇಳಿಸಿದೆವು. ಗಾಡಿ ಕೂತಿತು,
ಮಧ್ಯಾಹ್ನದ ಎಮ್ಮೆ ಕೆರೆಯಲ್ಲಿ ಕೂತ ಹಾಗೆ.
ಸಾದಿಕ್ ಸಿಳ್ಳೆ ಹಾಕಿದ.
ನಾನು ರಸ್ತೆ ದಾಟಿ, ಆ ಬದಿಯಿಂದ ನೋಡಿದೆ.
ನಾನು ಮಾಡಿದ ಗಾಡಿಯನ್ನು ರಸ್ತೆ ದಾಟಿ ನೋಡಿದ್ದು
ಅದೇ ಮೊದಲು.

ಅಂದವೆಲ್ಲ ಆಸ್ಪತ್ರೆ ಮುಂದಿನ ಹಂಪಿನವರೆಗೆ.
ಸಂಜೆಗೇ ವಾಪಸ್ಸು: ಟೈರು ತಗಡಿಗೆ ಉಜ್ಜಿ ಸುಟ್ಟ ವಾಸನೆ.
ತಗಡಿನ ತುಟಿಯನ್ನು ಒಳಕ್ಕೆ ಮಡಚಿದೆ.
ಮಾರನೇ ದಿನ ‘ಹಲ್ಲು ಅಲ್ಲಾಡ್ತವೆ ಚಾಚಾ’ ಅಂತ ಬಂದ.
ಹಳ್ಳ ಹಳ್ಳಕ್ಕೂ ಆಕ್ಸಲ್ಲು
ಬಂಪ್ ಸ್ಟಾಪಿಗೆ ಹಣೆ ಚಚ್ಚಿಕೊಳ್ಳುತ್ತಿತ್ತು.
ರಬ್ಬರು ಅರ್ಧ ಕುಯ್ದೆ. ಗಿಡ್ಡ ಶಾಕ್ ಅಬ್ಸಾರ್ಬರ್ ಹುಡುಕಿ
ಅವನು ಹೊಸಕೋಟೆಯ ಗುಜರಿಗೆಲ್ಲ ಅಲೆದ.
ಆಮೇಲೆ, ನಲವತ್ತು ದಾಟಿದರೆ ತಳದಲ್ಲಿ ಗುಂಯ್ ಅನ್ನುವ ಜೇನು.
ಶಾಫ್ಟಿನ ಓರೆ ಕೆಟ್ಟಿತ್ತು.
ಪಟ್ಟಿಗೂ ಆಕ್ಸಲ್ಲಿಗೂ ನಡುವೆ
ಉಗುರಿನಷ್ಟು ದಪ್ಪದ ಬೆಣೆ ಕೊಟ್ಟೆ; ಜೇನು ಎದ್ದುಹೋಯಿತು.
ಒಂದು ಕಡೆ ಇಳಿಸಿದ್ದು ಎಲ್ಲೆಲ್ಲೋ ಏಳುತ್ತೆ.
ಮೂವತ್ತು ವರ್ಷ ಏರಿಸಿದ್ದೆಲ್ಲ
ಎಲ್ಲೆಲ್ಲಿ ಇಳಿದಿದೆಯೋ, ಆ ಲೆಕ್ಕ ಯಾರೂ ಕೇಳಿಲ್ಲ.

‘ಇನ್ನು ಎಂಬತ್ತು ಕ್ರೇಟು ಹೊರಲ್ಲ ಕಣೋ’ ಅಂದಿದ್ದೆ.
ಡಾಲಾ ಒಳಗೆ ಸೀಮೆಸುಣ್ಣದಲ್ಲಿ ನಲವತ್ತು ಅಂತ ಬರೆದುಕೊಂಡ.
ನಾರೆಪ್ಪ ಜಗಳಕ್ಕೇ ಬಂದ.
‘ಗಾಡೀನ ಮಂಚ ಮಾಡಿಟ್ರಲ್ಲ ಸಾಬ್ರೇ!
ನಲವತ್ತಕ್ಕೆ ಬಾಡಿಗೆ ಯಾವನು ಕೊಡ್ತಾನೆ?’
ಬೈಯುತ್ತಾ ಬೈಯುತ್ತಾ ಹಿಂದಿನ ಡಾಲಾ ಮೇಲೆ ಕೂತ.
ಟೈರು ಹತ್ತಿ, ಹಗ್ಗ ಹಿಡಿದು ಏರುತ್ತಿದ್ದವನು
ಸುಮ್ಮನೆ ಕೂತುಬಿಟ್ಟ;
ಕಾಲಿನ ಹೆಬ್ಬೆರಳು ನೆಲದಲ್ಲಿ ಗೀರು ಎಳೆಯುತ್ತಿತ್ತು.
ಅವನಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ.
ಬೈಗುಳ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದ.

ತೆಗೆದ ಆರು ಪಟ್ಟಿಯಲ್ಲಿ ಒಂದನ್ನು ಕಾಯಿಸಿ
ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಕತ್ತಿ ಮಾಡಿಕೊಟ್ಟೆ,
ರೇಷ್ಮೆ ಮನೆಯ ನಂಜಮ್ಮನಿಗೆ.
ಹೊರುವುದು ಬಿಟ್ಟ ಕಬ್ಬಿಣ ಎಷ್ಟು ತೆಳ್ಳಗೆ ಹರಿತವಾಗುತ್ತೆ!
ಉಳಿದ ಐದು ಗೋಡೆಗೆ ಒರಗಿವೆ.
ನಿನ್ನೆ ಯಾರೋ ‘ಇನ್ನೊಂದು ಹಾಕು’ ಅಂತ ಬಂದರು.
ಹಾಕಿದೆ. ಹೊಟ್ಟೆಪಾಡು.
ಆದರೆ ಈ ಐದರಲ್ಲಿ ಅಲ್ಲ.

ಸಂಜೆ ಲೋಹಿತ ಹಂಪಿನ ಹತ್ತಿರ
ಗಾಡಿಯನ್ನು ಓರೆಗೆ ತಿರುಗಿಸಿ
ಒಂದೊಂದೇ ಚಕ್ರ ದಾಟಿಸುತ್ತಾನೆ.
ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತೆ,
ಶಾಲೆ ಮಕ್ಕಳು ನಡೆದೇ ಮುಂದೆ ಹೋಗುತ್ತಾರೆ.
ಸುತ್ತಿಗೆ ಎತ್ತಿದ್ದವನು ಹಾಗೇ ಹಿಡಿದುಕೊಂಡು
ಕಿವಿಗೊಟ್ಟು ನಿಲ್ಲುತ್ತೇನೆ.
ಮುಂದಿನ ಎಡ. ಬಲ. ಹಿಂದಿನ ಎಡ.

ತಗಲಲಿಲ್ಲ.